ಕೊಳೆಯಾಗದ ಕೋಟಿಗೆ ಗಂಜಿ

ದೇಶದ ವಿಜ್ಞಾನ ನೀತಿಯೊಳಗೆ ನಮ್ಮ ಲಾಂಡ್ರಿ ನುಗ್ಗಿದ್ದು ಹೇಗೆ ಎಂದು ಇವತ್ತಿಗೂ ಜನ ಕೇಳುತ್ತಾರೆ. ಕೇಳುವವರ ಮುಖದಲ್ಲಿ ಒಂದು ನಗು ಇರುತ್ತದೆ. ಆ ನಗು ಕಂಡರೆ ನನಗೆ ಕೈಯಲ್ಲಿರುವ ಇಸ್ತ್ರಿ ಪೆಟ್ಟಿಗೆಯನ್ನು ಅವರ ಕೆನ್ನೆಯ ಮೇಲೇ ಒಂದು ಸಲ ಎಳೆದು ಸುಕ್ಕು ತೆಗೆಯೋಣ ಅನ್ನಿಸುತ್ತದೆ. ಆದರೂ ಹೇಳುತ್ತೇನೆ. ನಾನು ಹೇಳದಿದ್ದರೆ ಪಕ್ಕದಂಗಡಿಯ ಬೀಗ ರಿಪೇರಿಯವನು ಹೇಳುತ್ತಾನೆ. ಅವನು ಹೇಳಿದರೆ ಮಂತ್ರಿಗಳಿಗೆ ಇಂಕು ಕುಡಿಸಿದ ಹಾಗೂ ನಮ್ಮ ಮಾವ ಜೈಲಿಗೆ ಹೋದ ಹಾಗೂ ಕಥೆ ಆಗುತ್ತದೆ.

ಲಾಂಡ್ರಿ ನನ್ನ ಸೋದರಮಾವನದು. ಅವನ ಅಪ್ಪ ಬಿಟ್ಟುಹೋದದ್ದು. ನಾನು ಒಂಬತ್ತನೇ ಕ್ಲಾಸಿನಲ್ಲಿ ಶಾಲೆಗೆ ಕೈಮುಗಿದು ಬಂದು ಅವನ ಜೊತೆ ಇಸ್ತ್ರಿ ಮೇಜಿಗೆ ನಿಂತವನು. ಮಾವನಿಗೆ ಆಗಲೇ ಕಿವಿಯ ಮೇಲೆ ಕೂದಲು ನೆರೆತಿತ್ತು, ಮದುವೆ ಮಾತ್ರ ಆಗಿರಲಿಲ್ಲ. ಒಳ್ಳೆಯವನು, ಆದರೆ ತಲೆ ಒಂದು ಕಡೆ, ಕೈ ಒಂದು ಕಡೆ. ವಕೀಲರ ಪ್ಯಾಂಟನ್ನು ದಂತವೈದ್ಯರಿಗೆ ಕೊಡುತ್ತಿದ್ದ. ದಂತವೈದ್ಯರ ಅಂಗಿಯನ್ನು ವಕೀಲರಿಗೆ ಕೊಡುತ್ತಿದ್ದ. ಇಬ್ಬರೂ ಬಂದು ಬೈದಾಗ, "ಅದಕ್ಕೇ ಅಲ್ವಾ ಸಾರ್, ನೀವಿಬ್ರೂ ಪರಿಚಯ ಆಗಿದ್ದು" ಅನ್ನುತ್ತಿದ್ದ. ಇಡೀ ಊರಿನ ಬಟ್ಟೆಯನ್ನು ಅದಲುಬದಲು ಮಾಡಿದ ಈ ಮಹಾಶಯ ಜೀವಮಾನದಲ್ಲಿ ಒಂದೇ ಒಂದು ಬಟ್ಟೆಯನ್ನು ಯಾವತ್ತೂ ತಪ್ಪಿಸಿರಲಿಲ್ಲ. ಅದು ಗುರುವಾರದ ಮೇಡಂ ಅವರ ಬಿಳಿ ಕೋಟು.

ಗುರುವಾರದ ಮೇಡಂ ಎಂದು ಹೆಸರಿಟ್ಟವನು ನಾನು. ರಸ್ತೆಯ ಕೊನೆಯಲ್ಲಿ ಎತ್ತರದ ಗೇಟಿನ ಸರ್ಕಾರಿ ಪ್ರಯೋಗಾಲಯ ಇದೆಯಲ್ಲ, ಅಲ್ಲಿ ವಿಜ್ಞಾನಿ. ವಯಸ್ಸು ಹೆಚ್ಚುಕಡಿಮೆ ಮಾವನದ್ದೇ. ಪ್ರತಿ ಗುರುವಾರ ಸಂಜೆ ಒಂದು ಕೊಳೆ ಕೋಟು ಕೊಟ್ಟು ಒಂದು ಮಡಿ ಕೋಟು ತೆಗೆದುಕೊಂಡು ಹೋಗುತ್ತಿದ್ದರು. ಅವರ ಗಂಟಿನಲ್ಲಿ ಇಷ್ಟು ವರ್ಷದಲ್ಲಿ ಒಂದು ಗಂಡಸಿನ ಅಂಗಿ ಬರಲಿಲ್ಲ, ಒಂದು ಮಗುವಿನ ಚಡ್ಡಿ ಬರಲಿಲ್ಲ. ಬಟ್ಟೆ ಒಗೆಯುವವನಿಗೆ ಇದಕ್ಕಿಂತ ಬೇರೆ ಜಾತಕ ಬೇಕಾಗಿಲ್ಲ.

ಗುರುವಾರ ಬೆಳಿಗ್ಗೆ ಮಾವ ಗಡ್ಡ ಬೋಳಿಸುತ್ತಿದ್ದ. ಮಧ್ಯಾಹ್ನದಿಂದ ಕೌಂಟರ್ ಒರೆಸುತ್ತಿದ್ದ. ಸಂಜೆ ಮೇಡಂ ಬಂದಾಗ ನಡೆಯುತ್ತಿದ್ದ ಪ್ರೇಮ ಸಲ್ಲಾಪವನ್ನು ಪೂರ್ತಿ ಬರೆಯುತ್ತೇನೆ, ಒಂದಕ್ಷರ ಬಿಡುವುದಿಲ್ಲ:

"ಬಂದ್ರಾ ಮೇಡಂ?"

"ಬಂದೆ."

"ಕೋಟಾ?"

"ಕೋಟು."

ಇಷ್ಟೇ. ಮೇಡಂ ಹೋದ ಮೇಲೆ ಮಾವ ಆ ಕೋಟಿನ ಜೇಬಿಗೆ ಕೈ ಹಾಕಿ, ಅವರು ಮರೆತದ್ದನ್ನು ಒಂದೊಂದಾಗಿ ಕೌಂಟರಿನ ಮೇಲೆ ಇಡುತ್ತಿದ್ದ. ಒಂದು ಹೇರ್‌ಪಿನ್ನು. ಕೆಮ್ಮಿನ ಮಾತ್ರೆಯ ಕಾಗದ. ಅರ್ಧ ಪೆನ್ಸಿಲ್ಲು. ಅವನ್ನೆಲ್ಲ ಒಂದು ಪೊಟ್ಟಣ ಕಟ್ಟಿ, ಮುಂದಿನ ವಾರ ಕೋಟಿನ ಜೊತೆ ವಾಪಸ್ಸು ಕೊಡುತ್ತಿದ್ದ. ಮಾತ್ರೆಯ ಕಾಗದವನ್ನೂ! "ಖಾಲಿ ಕಾಗದ ಮಾವ, ಎಸೀಬಾರ್ದಾ?" ಅಂದರೆ, "ಅವರದ್ದು ಕಣೋ, ಎಸೆಯೋಕೆ ನಾವ್ಯಾರು?" ಅನ್ನುತ್ತಿದ್ದ. ಒಂದೇ ಒಂದು ಸಲ ಮೇಡಂ ಉದ್ದದ ವಾಕ್ಯ ಮಾತಾಡಿದ್ದರು. "ಕಾಲರಿಗೆ ಗಂಜಿ ಸ್ವಲ್ಪ ಜಾಸ್ತಿ ಇರಲಿ, ನೆಟ್ಟಗೆ ನಿಂತರೆ ನನಗೂ ನೆಟ್ಟಗೆ ನಿಂತ ಹಾಗಿರುತ್ತೆ." ಅದು ನಾನು ಅಂಗಡಿಗೆ ಸೇರುವುದಕ್ಕೂ ಮುಂಚಿನ ಮಾತು. ನನಗೆ ಬಾಯಿಪಾಠ ಬರುತ್ತದೆ. ಯಾಕೆಂದರೆ ಮಾವ ಪ್ರತಿ ವಾರ ಗಂಜಿ ಕಲಸುವಾಗ ಅದನ್ನು ಒಂದು ಸಲ ಹೇಳಿಕೊಳ್ಳುತ್ತಿದ್ದ.

ಹೀಗಿರುವಾಗ ಒಂದು ಗುರುವಾರ ಮೇಡಂ ಕೈಬೀಸಿಕೊಂಡು ಬಂದರು. ಕೋಟು ಮೈಮೇಲಿತ್ತು. ಬೆಳ್ಳಗೆ, ಹೊಸದು.

"ಇನ್ಮೇಲೆ ನಿಮಗೆ ತೊಂದರೆ ಇಲ್ಲ ಇವರೇ. ನಮ್ಮಲ್ಲೇ ಒಂದು ಲೇಪ ಕಂಡುಹಿಡಿದಿದ್ದೀವಿ. ನ್ಯಾನೋ ಕಣ ಅಂತ, ಒಂದು ಕೂದಲನ್ನ ಸಾವಿರಾರು ಸೀಳು ಸೀಳಿದ್ರೆ ಒಂದು ಸೀಳು ಎಷ್ಟಿರುತ್ತೋ ಅಷ್ಟು ಸಣ್ಣದು. ಬಟ್ಟೆಗೆ ಹಚ್ಚಿದ್ರೆ ಕೊಳೆ ಹತ್ತೋದೇ ಇಲ್ಲ, ನೀರು ಹಾಕಿದ್ರೆ ಜಾರಿಹೋಗುತ್ತೆ. ಒಗೆಯೋ ಹಾಗೇ ಇಲ್ಲ!"

ಹೇಳುವಾಗ ಅವರ ಮುಖ ಬೆಳಗುತ್ತಿತ್ತು. ಎಷ್ಟು ವರ್ಷದ ದುಡಿಮೆಯೋ ಏನೋ. ಮಾವ ಎರಡು ಕೈಯನ್ನೂ ಕೌಂಟರಿನ ಮೇಲೆ ಊರಿ ನಿಂತು, ಒಗೆಯುವ ಕಸುಬಿನವನಿಗೆ ಒಗೆತವೇ ಬೇಡ ಎಂದು ಹೇಳಿದ ಆ ಸುದ್ದಿಗೆ, "ಬಹಳ ಸಂತೋಷ ಮೇಡಂ" ಅಂದ. ನನಗೆ ಎಂಥ ಸಿಟ್ಟು ಬಂತೆಂದರೆ ಇಸ್ತ್ರಿ ಪೆಟ್ಟಿಗೆಯನ್ನು ಇಟ್ಟಲ್ಲೇ ಮರೆತೆ. ವಕೀಲರ ಪ್ಯಾಂಟಿನ ಮೇಲೆ ಕಂದು ಬಣ್ಣದ ತ್ರಿಕೋನ ಎದ್ದಿತು. ಅದನ್ನು ದಂತವೈದ್ಯರಿಗೆ ಕೊಟ್ಟೆವು.

ಆಮೇಲಿನ ಗುರುವಾರಗಳಲ್ಲಿಯೂ ಮಾವ ಗಡ್ಡ ಬೋಳಿಸಿದ. ಕೌಂಟರ್ ಒರೆಸಿದ. ಸಂಜೆ ಹೊತ್ತಿಗೆ ಬಾಗಿಲಲ್ಲಿ ನಿಂತು ರಸ್ತೆಯ ಕೊನೆ ನೋಡಿದ. ಬೀಗದವನು ತನ್ನ ಸ್ಟೂಲಿನಿಂದಲೇ, "ಏನಪ್ಪಾ, ಬಸ್ಸು ಬರಬೇಕಿತ್ತಾ? ನಮ್ಮ ರಸ್ತೇಲಿ ಬಸ್ಸು ನಿಂತು ಯಾವ ಕಾಲ ಆಯ್ತು!" ಅಂದ. ಮಾವ, "ಇಲ್ಲ, ಗಾಳಿಗೆ ನಿಂತಿದೀನಿ" ಅಂದ. ಗಾಳಿಯೂ ಬರಲಿಲ್ಲ.

ಇಸ್ತ್ರಿ ಮಾಡಿದ ಬಟ್ಟೆ ಸುತ್ತುವುದಕ್ಕೆ ನಾವು ಹಳೇ ಪತ್ರಿಕೆ ಕೊಳ್ಳುತ್ತೇವೆ. ಒಂದು ದಿನ ಮಾವ ಯಾರದೋ ಅಂಗಿ ಸುತ್ತುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿ, ಅಂಗಿ ಬಿಚ್ಚಿ ಪಕ್ಕಕ್ಕೆಸೆದು, ಕಾಗದ ಬಿಡಿಸಿ ಓದತೊಡಗಿದ. ನ್ಯಾನೋ ತಂತ್ರಜ್ಞಾನದ ಕರಡು ನೀತಿ ಸಿದ್ಧವಾಗಿದೆ, ಅದರ ಉದ್ಯಮಾವಕಾಶಗಳ ಬಗ್ಗೆ ಸಭೆ ನಡೆಯುತ್ತದೆ, ಸಾರ್ವಜನಿಕರು ಬಂದು ಆಕ್ಷೇಪಣೆ ಹೇಳಬಹುದು.

"ಲೇ, ಆಕ್ಷೇಪಣೆ ಹೇಳಬಹುದಂತೆ ಕಣೋ."

"ಏನಂತ ಹೇಳ್ತೀಯ? ಮೇಡಂ ಬರ್ತಿಲ್ಲ, ವಿಜ್ಞಾನ ನಿಲ್ಸಿ ಅಂತಲಾ?"

"ಅಷ್ಟು ನೇರವಾಗಿ ಹೇಳಲ್ಲಪ್ಪ" ಅಂದ ಮಾವ. ಅಂದರೆ ಸುತ್ತುಬಳಸಿ ಅದನ್ನೇ ಹೇಳುವುದು ಎಂದು ತೀರ್ಮಾನವಾಯಿತು.

ಸಭೆಗೆ ಹಾಕಿಕೊಳ್ಳಲು ಮಾವನಿಗೆ ಬಟ್ಟೆ ಇರಲಿಲ್ಲ. ಬೇರೆಯವರ ಬಟ್ಟೆ ಇಡೀ ಗೋಡೆ ತುಂಬ ನೇತಾಡುತ್ತಿತ್ತು. ಲಾಂಡ್ರಿಯವನ ಧರ್ಮಸಂಕಟ ಲಾಂಡ್ರಿಯವನಿಗೇ ಗೊತ್ತು. ಯಾರದೋ ಡ್ರೈವರ್ ಬಂದು ಕೊಟ್ಟುಹೋಗಿದ್ದ ಬೂದು ಬಣ್ಣದ ಸೂಟು ಮಾವನಿಗೆ ಹೇಳಿ ಹೊಲಿಸಿದ ಹಾಗೆ ಕೂತಿತು. ಬಗಲಲ್ಲಿ ಸ್ವಲ್ಪ ಬಿಗಿ. "ಕೈ ಎತ್ತಬೇಡ ಮಾವ" ಎಂದೆ.

ಆ ಸೂಟೇ ಎಲ್ಲಕ್ಕೂ ಮೂಲ. ಸಭಾಂಗಣದ ಬಾಗಿಲಲ್ಲಿ ನಿಂತಿದ್ದವನು ನನ್ನ ಅಂಗಿ ನೋಡಿ "ಸಾರ್ವಜನಿಕರು ಹಿಂದೆ" ಎಂದು ನೀರಿನ ಕ್ಯಾನುಗಳ ಪಕ್ಕಕ್ಕೆ ತಳ್ಳಿದ. ಮಾವನ ಸೂಟು ನೋಡಿ "ಉದ್ಯಮಿಗಳು ಮುಂದೆ ಸಾರ್" ಎಂದು ಮೆತ್ತನೆಯ ಕುರ್ಚಿಗೆ ಕೂರಿಸಿದ. ಮಾವ ಬೇಡ ಅನ್ನಲಿಲ್ಲ. ಯಾಕೆಂದರೆ ಮುಂದಿನ ಸಾಲಿನಿಂದ ವೇದಿಕೆ ಚೆನ್ನಾಗಿ ಕಾಣುತ್ತಿತ್ತು. ವೇದಿಕೆಯ ತುದಿಯ ಕುರ್ಚಿಯಲ್ಲಿ ಗುರುವಾರದ ಮೇಡಂ ಕೂತಿದ್ದರು.

ಮಾವನ ಪಕ್ಕದಲ್ಲಿ ಸರ್ಕಾರದ ಸಲಹೆಗಾರರು. ಅವರು ಮಾವನ ಸೂಟನ್ನು ಮೇಲಿಂದ ಕೆಳಗೆ ನೋಡಿ, "ಒಳ್ಳೇ ಅಭಿರುಚಿ ಸಾರ್ ನಿಮ್ಮದು. ನಂದೂ ಥೇಟ್ ಇಂಥದ್ದೇ ಇದೆ. ಇವತ್ತು ಹಾಕ್ಕೊಂಡು ಬರೋಣ ಅಂದ್ರೆ ಲಾಂಡ್ರಿಯವನು ಇನ್ನೂ ಕೊಟ್ಟಿಲ್ಲ ನೋಡಿ, ಕಳ್ಳ ನನ್ಮಗ" ಅಂದರು.

"ಹೌದು ಸಾರ್, ಅವರು ಹಾಗೇ" ಅಂದ ಮಾವ, ಕೈ ಎತ್ತದೆ.

ಮೊದಲು ವಿಜ್ಞಾನ ಇಲಾಖೆಯ ಉಪನಿರ್ದೇಶಕರು ಮಾತಾಡಿದರು. ಈ ಕಣ ಎಷ್ಟು ಚಿಕ್ಕದು ಎಂದು ಹೇಳಲು ಅವರು ತೆಗೆದುಕೊಂಡಷ್ಟು ಹೊತ್ತಿನಲ್ಲಿ ನಾನು ಒಂದು ಮದುವೆ ಮನೆಯ ಬಟ್ಟೆಯನ್ನೆಲ್ಲ ಇಸ್ತ್ರಿ ಮಾಡಿ ಮುಗಿಸಬಹುದಿತ್ತು. ಆಮೇಲೆ ಸಲಹೆಗಾರರು ಎದ್ದು, ಮುಂದಿನ ಕಾಲವೆಲ್ಲ ಸಣ್ಣದರದ್ದೇ, ಸಣ್ಣದರಲ್ಲಿ ದೊಡ್ಡ ವ್ಯಾಪಾರವಿದೆ ಎಂದು ಕೈ ಅಗಲಿಸಿ ತೋರಿಸಿದರು. ಕೊನೆಗೆ ಉದ್ಯಮಿಗಳು ಏನಾದರೂ ಹೇಳುವುದಿದೆಯೇ ಎಂದರು. ಮಾವ ಎದ್ದು ನಿಂತ. ಮೈಕು ಕೈಗೆ ಬಂತು.

"ತಾವು ಯಾವ ಕ್ಷೇತ್ರ ಸಾರ್?"

"ಬಟ್ಟೆ."

"ಎಷ್ಟು ಕಾಲದಿಂದ?"

"ನಮ್ಮ ಅಪ್ಪನ ಕಾಲದಿಂದ."

ಉಪನಿರ್ದೇಶಕರು ಪಕ್ಕದವರಿಗೆ ಹೇಳಿ ಬರೆಸಿದರು: ವಂಶಪಾರಂಪರ್ಯ ಜವಳಿ ಉದ್ಯಮಿ. ಮಾವ ಸುಳ್ಳು ಹೇಳಲಿಲ್ಲ, ಅವರು ಸುಳ್ಳು ಬರೆಯಲಿಲ್ಲ. ಸರ್ಕಾರ ನಡೆಯುವುದೇ ಹೀಗೆ.

ಮಾವ ವೇದಿಕೆಯ ತುದಿಯನ್ನೇ ನೋಡುತ್ತ ಮಾತಾಡಿದ. "ಅಲ್ಲ ಸ್ವಾಮಿ, ಕೊಳೆ ಆಗದ ಬಟ್ಟೆ ಮಾಡಿದೀರಿ, ದೊಡ್ಡ ಮಾತು. ಆದ್ರೆ ಬಟ್ಟೆ ಅಂದ್ಮೇಲೆ ಒಂದು ಸಲ ಹೋದದ್ದು ಮತ್ತೆ ಬರಬೇಕು. ಹೋಗೋದು, ಬರೋದು, ಹೋಗೋದು, ಬರೋದು. ಬರ್ತಾರೆ ಅಂತ ಗೊತ್ತಿದ್ರೆ ತಾನೇ ಇಲ್ಲಿರೋನು ಬೆಳಿಗ್ಗೆ ಎದ್ದು ಬಾಗಿಲು ತೆಗೆಯೋದು? ಹೋದೋರು ಬರೋದೇ ಬೇಡ ಅನ್ನೋ ಹಾಗೆ ಮಾಡಿಬಿಟ್ರೆ, ಬಾಗಿಲಲ್ಲಿ ನಿಂತೋನು ಏನು ಮಾಡಬೇಕು? ಅದನ್ನ ನಿಮ್ಮ ನೀತೀಲಿ ಎಲ್ಲೂ ಬರೆದಿಲ್ಲವಲ್ಲ."

ಮೇಡಂ ತಲೆಯೆತ್ತಿ ನೋಡಿದರು. ಸೂಟು ಹಾಕಿದ ಈ ಮನುಷ್ಯನನ್ನು ಎಲ್ಲೋ ನೋಡಿದ ಹಾಗಿದೆ ಎಂಬಂತೆ ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ಸಲಹೆಗಾರರು ಎಗರಿ ಎದ್ದರು.

"ಅದ್ಭುತ! ಕೇಳಿದ್ರಾ? ಗ್ರಾಹಕ ಮರಳಿ ಬರಬೇಕು! ನಾವೆಲ್ಲ ಒಂದು ಸಲ ಮಾರೋದರ ಬಗ್ಗೆ ಯೋಚನೆ ಮಾಡ್ತಿದ್ವಿ. ಇವರು ಜೀವಮಾನದ ಸಂಬಂಧದ ಬಗ್ಗೆ ಹೇಳ್ತಿದ್ದಾರೆ! ಮೇಡಂ, ಈ ಲೇಪ ಸವೆಯುತ್ತಾ?"

"ಸವೆಯುತ್ತೆ," ಅಂದರು ಮೇಡಂ. "ಬಿಸಿಲು, ಉಜ್ಜಾಟ. ಆರು ತಿಂಗಳಿಗೆ ಒಂದು ಸಲ ಮತ್ತೆ ಹಚ್ಚಬೇಕು."

"ಆರು ತಿಂಗಳಾ?" ಎಂದ ಮಾವ ಮೈಕಿನಲ್ಲೇ. ಅವನ ದನಿ ಹೇಗಿತ್ತೆಂದರೆ ನೀರಿನ ಕ್ಯಾನಿನ ಪಕ್ಕದಲ್ಲಿದ್ದ ಮುದುಕರೊಬ್ಬರು ನನ್ನ ಕಡೆ ತಿರುಗಿ, "ಪಾಪ, ಯಾರು ಹೋದ್ರಂತೆ?" ಎಂದು ಕೇಳಿದರು.

"ವಾರಕ್ಕೊಂದು ಸಲ ಸವೆಯೋ ಹಾಗೆ ಮಾಡೋಕಾಗಲ್ವಾ ಮೇಡಂ?" ಅಂತ ಮಾವ ಮುಂದುವರಿಸಿದ.

ಸಲಹೆಗಾರರು ಚಪ್ಪಾಳೆ ತಟ್ಟಿಯೇಬಿಟ್ಟರು. "ನೋಡಿ, ಉದ್ಯಮಿಯ ತಲೆ ಅಂದ್ರೆ ಇದು!"

ನಾಲ್ಕು ದಿನ ಬಿಟ್ಟು ಉಪನಿರ್ದೇಶಕರೂ ಸಲಹೆಗಾರರೂ ಜವಳಿ ಉದ್ಯಮಿಯ ಘಟಕ ನೋಡಲು ಬಂದರು. ಕಾರು ಬೀಗದವನ ಅಂಗಡಿ ಮುಂದೆ ನಿಂತಿತು. ನಮ್ಮ ಬೋರ್ಡು ಓದಿದರು. ಮತ್ತೆ ಓದಿದರು. ಉಪನಿರ್ದೇಶಕರ ಮುಖ ನೆನೆಸಿಟ್ಟ ಬಟ್ಟೆಯ ಹಾಗಾಯಿತು.

"ಇದು ಲಾಂಡ್ರಿ."

"ಹೌದು ಸಾರ್," ಎಂದ ಮಾವ. ಬನಿಯನ್ನಿನಲ್ಲಿದ್ದ.

"ನೀವು ಜವಳಿ ಉದ್ಯಮಿ ಅಂತ ನಡಾವಳೀಲಿ ಬರೆದಾಗಿದೆ. ಮಂತ್ರಿಗಳ ಸಹಿ ಆಗಿದೆ."

"ಹೊಡೆದುಹಾಕಿ ಸಾರ್."

"ಸಹಿ ಆದದ್ದನ್ನ ಹೊಡೆದುಹಾಕೋಕೆ ಬರಲ್ಲ ಇವರೇ." ಅವರು ಸುತ್ತ ನೋಡಿದರು. ಹಬೆಯಾಡುವ ಹಂಡೆ, ಗಂಜಿಯ ಬೋಗುಣಿ, ನೇತಾಡುವ ಬಟ್ಟೆ, ನಾನು. "ಬರೆದದ್ದು ಬದಲಾಗಲ್ಲ. ಅಂದ್ಮೇಲೆ ಅಂಗಡಿ ಬದಲಾಗಬೇಕು."

ಹೀಗೆ ನಮ್ಮ ಲಾಂಡ್ರಿ ದೇಶದ ಪ್ರಪ್ರಥಮ ನ್ಯಾನೋ ಪುನರ್ಲೇಪನ ಘಟಕವಾಯಿತು. ಸಲಹೆಗಾರರು ಗೋಡೆಯ ಮೊಳೆಗೆ ನೇತುಹಾಕಿದ್ದ ತಮ್ಮದೇ ಸೂಟಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. "ಬಗಲು ಹರಿದಿರೋದು ಯಾರದ್ದೋ ಪಾಪ" ಅಂದರು.

ಸುದ್ದಿ ರಸ್ತೆ ತುಂಬ ಹರಡಿತು. ಬೀಗದವನು ಬಂದು, "ಏನಪ್ಪಾ, ಕಣ್ಣಿಗೆ ಕಾಣದ ಸಾಮಾನಿನ ವ್ಯಾಪಾರ ಶುರು ಮಾಡಿದೀಯಂತೆ? ನಾವು ಕಾಣೋ ಸಾಮಾನು ಇಟ್ಕೊಂಡೇ ನೊಣ ಹೊಡೀತಿದೀವಿ" ಎಂದು ಹೊಟ್ಟೆ ಉರಿದುಕೊಂಡ. ಮರುದಿನ ತನ್ನ ತುಕ್ಕು ಬೀಗಗಳನ್ನೆಲ್ಲ ಒಂದು ಬಕೆಟ್ಟಿನಲ್ಲಿ ತಂದಿಟ್ಟು, "ಸ್ವಲ್ಪ ಹಚ್ಚಿಕೊಡು ಮಾರಾಯ" ಎಂದ. ಯಾರೋ ಛತ್ರಿ ತಂದರು. ಯಾರೋ ಸೋರುವ ಮನೆಯ ಹೆಂಚು ತಂದರು. ಒಬ್ಬಳು ಅಜ್ಜಿ ಮೊಮ್ಮಗನನ್ನೇ ತಂದು, "ಇವನಿಗೆ ಮಣ್ಣು ಹತ್ತದ ಹಾಗೆ ಮಾಡಪ್ಪ" ಅಂದಳು.

ನಮ್ಮಮ್ಮನ ಸಂಭ್ರಮ ಹೇಳತೀರದು. ತಮ್ಮನಿಗೆ ಹೆಣ್ಣು ಕೊಡುತ್ತೇವೆಂದು ಎಲ್ಲಿದ್ದರೋ ಏನೋ ಜನ ಹೊರಟು ಬಂದರು.

"ಲೋ, ಗುರುವಾರ ಹುಡುಗಿ ಕಡೆಯೋರು ಬರ್ತಾರೆ. ತಲೆಗೆ ಬಣ್ಣ ಹಚ್ಕೊಂಡು ನೆಟ್ಟಗೆ ಮನೇಲಿರು."

"ಗುರುವಾರ ಆಗಲ್ಲ ಅಕ್ಕ."

"ಯಾಕೋ? ಗುರುವಾರ ಏನಿದೆ?"

ಏನಿತ್ತು ಗುರುವಾರ? ಏನೂ ಇರಲಿಲ್ಲ. ನಾನು ಬಾಯಿಬಿಡಬೇಕೆಂದು ಹೊರಟೆ. ಮಾವ ಮೇಜಿನ ಕೆಳಗೆ ನನ್ನ ಕಾಲು ತುಳಿದ.

ಮಾವನ ಆಸೆ ಒಂದೇ ಆಗಿತ್ತು. ಲೇಪ ಹಚ್ಚುವ ಯಂತ್ರ ಬರುತ್ತದೆ, ಅದನ್ನು ನಡೆಸುವುದು ಕಲಿಸಲು ಮೇಡಂ ಬಂದೇ ಬರುತ್ತಾರೆ. ಅದಕ್ಕಾಗಿ ಅಂಗಡಿಗೆ ಸುಣ್ಣ ಹೊಡೆಸಿದ. ಎರಡನೇ ಕುರ್ಚಿ ಕೊಂಡ. ಯಂತ್ರ ಬಂತು, ಸ್ಟೀಲಿನ ಬೀರುವಿನ ಹಾಗಿತ್ತು. ಕಲಿಸಲು ಕಿವಿಗೆ ವೈರು ಸಿಕ್ಕಿಸಿಕೊಂಡ ಒಬ್ಬ ಗಡ್ಡದವನು ಬಂದು, ಆ ಹೊಸ ಕುರ್ಚಿಯಲ್ಲಿ ಕೂತು, "ಕೆಂಪು ಗುಂಡಿ ಒತ್ತಬೇಡಿ" ಎಂದು ಹೇಳಿ ಹೊರಟುಹೋದ. ಪ್ರಯೋಗಾಲಯದ ಕೋಟುಗಳು ಬಂದವು. ಅವೂ ಗುತ್ತಿಗೆದಾರನ ವ್ಯಾನಿನಲ್ಲಿ, ಮೂಟೆ ಕಟ್ಟಿಕೊಂಡು, ಹೆಸರಿಲ್ಲದೆ ನಂಬರು ಹಾಕಿಸಿಕೊಂಡು.

ಅಂದರೆ ಏನಾಯಿತು? ವಿಜ್ಞಾನ, ಸರ್ಕಾರ, ಉದ್ಯಮ ಮೂರೂ ಕೈಕೈ ಹಿಡಿದು ಕೆಲಸ ಮಾಡಿ, ಒಬ್ಬ ಹೆಂಗಸು ನೂರು ಹೆಜ್ಜೆ ನಡೆದು ಒಂದು ಅಂಗಡಿಗೆ ಬರುವುದನ್ನು ಪೂರ್ತಿಯಾಗಿ ತಪ್ಪಿಸಿದವು. ಇಷ್ಟು ಸಾಧಿಸಲು ಎಂಥೆಂಥ ಓದು ಓದಿದವರು ಬೇಕಾದರು!

ಹೊಸ ಕೋಟುಗಳಿಗೆ ಜೇಬಿರಲಿಲ್ಲ. ಜೇಬಿನ ಸಂದಿಯಲ್ಲಿ ಲೇಪ ಸರಿಯಾಗಿ ಕೂರುವುದಿಲ್ಲವಂತೆ. ಮಾವ ಮೂಟೆ ಬಿಚ್ಚಿ ಒಂದೊಂದನ್ನೇ ಸವರಿ ನೋಡಿ ಪಕ್ಕಕ್ಕಿಡುತ್ತಿದ್ದ. ಉದ್ಘಾಟನೆಯ ಹಿಂದಿನ ದಿನದ ಮೂಟೆಯಲ್ಲಿ ಅವನ ಕೈ ಒಂದು ಕೋಟಿನ ಮೇಲೆ ನಿಂತಿತು. ಒಳಮಗ್ಗುಲಿಗೆ ಯಾರೋ ಕೈಯಾರೆ ಒಂದು ಜೇಬು ಹೊಲಿದಿದ್ದರು, ಸೊಟ್ಟಸೊಟ್ಟಗೆ, ಬೇರೆ ಬಣ್ಣದ ದಾರದಲ್ಲಿ. ಅದರೊಳಗೆ ಕೆಮ್ಮಿನ ಮಾತ್ರೆಯ ಕಾಗದ.

ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಇನ್ನೂ ಕೆಮ್ಮು ಹೋಗಿಲ್ಲ ಕಣೋ" ಅಂದ.

ಉದ್ಘಾಟನೆಗೆ ರಸ್ತೆಯನ್ನೇ ಬಂದ್ ಮಾಡಿದ್ದರು. ನಮ್ಮ ಬೋರ್ಡಿನ ಮೇಲೆ ಅದರ ಎರಡರಷ್ಟು ದೊಡ್ಡ ಬೋರ್ಡು ಹತ್ತಿತ್ತು. ಮಾವ ಮಾತ್ರ ಮಂತ್ರಿಗಳನ್ನೂ ನೋಡಲಿಲ್ಲ, ಬೋರ್ಡನ್ನೂ ನೋಡಲಿಲ್ಲ. ಕಾರ್ಯಕ್ರಮ ಇಷ್ಟು: ಘಟಕದಲ್ಲಿ ಪುನರ್ಲೇಪನವಾದ ಕೋಟನ್ನು ಮೇಡಂ ಹಾಕಿಕೊಂಡು ನಿಲ್ಲುವುದು, ಮಂತ್ರಿಗಳು ಅದರ ಮೇಲೆ ಇಂಕು ಸುರಿಯುವುದು, ಇಂಕು ಮುತ್ತಿನ ಹಾಗೆ ಉರುಳಿಹೋಗುವುದು, ಜನ ಬೆರಗಾಗುವುದು.

ಮೇಡಂ ಬಂದರು. ಎಷ್ಟೋ ತಿಂಗಳ ಮೇಲೆ ನಮ್ಮ ಕೌಂಟರಿನ ಮುಂದೆ ನಿಂತರು.

"ಬಂದ್ರಾ ಮೇಡಂ?"

"ಬಂದೆ," ಅಂದವರು ಬನಿಯನ್ನು ಬಿಟ್ಟು ಅಂಗಿ ಹಾಕಿದ್ದ ಮಾವನನ್ನು ದಿಟ್ಟಿಸಿ, "ಅವತ್ತು ಸೂಟಲ್ಲಿ ಇದ್ದದ್ದು ನೀವಾ?" ಎಂದರು.

ಮಾವ ಸುತ್ತಿಟ್ಟಿದ್ದ ಕೋಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಜೊತೆಗೆ ಒಂದು ಸಣ್ಣ ಪೊಟ್ಟಣ. ಮೇಡಂ ಪೊಟ್ಟಣವನ್ನು ಬಿಚ್ಚಿ ನೋಡಿ ಮುಚ್ಚಿದರು. ಕೋಟು ಹಾಕಿಕೊಂಡು ಹೊರಗೆ ಹೋಗಿ ನಿಂತರು.

ಮಂತ್ರಿಗಳು ಇಂಕಿನ ಶೀಶೆ ಎತ್ತಿ ಎದೆಯ ಮೇಲೆ ಸುರಿದರು. ಇಂಕು ಉರುಳಲಿಲ್ಲ. ಕೋಟು ಅದನ್ನು ಬಾಯಾರಿದವನ ಹಾಗೆ ಕುಡಿಯಿತು. ನೀಲಿ ಕಾಲರಿನಿಂದ ಹಿಡಿದು ಹೊಟ್ಟೆಯವರೆಗೂ ಕೈಕಾಲು ಚಾಚಿಕೊಂಡು ಇಳಿಯಿತು.

ಮಂತ್ರಿಗಳು ಚಪ್ಪಾಳೆ ತಟ್ಟಿದರು. ಏನಾಗಬೇಕಿತ್ತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರು ತಟ್ಟಿದ್ದಕ್ಕೆ ಜನರೂ ತಟ್ಟಿದರು. "ಎಷ್ಟು ಚೆನ್ನಾಗಿ ಹತ್ಕೊಳ್ತು ನೋಡಿ!" ಎಂದು ಮಂತ್ರಿಗಳು ಸಂತೋಷಪಟ್ಟರು. ಉಪನಿರ್ದೇಶಕರು ಅವರ ಕಿವಿಯಲ್ಲಿ ಏನೋ ಅಂದರು. ಮಂತ್ರಿಗಳ ಕೈ ಗಾಳಿಯಲ್ಲೇ ನಿಂತಿತು.

"ಇದು ಪರೀಕ್ಷೆಯ ಮೊದಲ ಹಂತ!" ಎಂದು ಸಲಹೆಗಾರರು ಕೂಗಿದರು.

"ಎರಡನೇ ಹಂತ ಯಾವುದ್ರೀ?" ಎಂದರು ಮಂತ್ರಿಗಳು.

ಸಲಹೆಗಾರರು ಯೋಚಿಸಲು ಕಾರಿನ ಕಡೆ ಹೋದರು. ಉಪನಿರ್ದೇಶಕರು ಮೇಡಂ ಮೇಲೆ ತಿರುಗಿದರು. "ಏನಮ್ಮಾ ಇದು? ಇಷ್ಟು ವರ್ಷ ಇದನ್ನೇನಾ ನೀವು ಕಂಡುಹಿಡಿದದ್ದು? ಲೇಪವೇ ಸರಿಯಿಲ್ಲ ಅಂತ ವರದಿ ಕಳಿಸ್ತೀನಿ. ನಿಮ್ಮ ವಿಭಾಗ ಮುಚ್ಚಿಸ್ತೀನಿ."

ಮೇಡಂ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಸಿ ನೋಡಿದರು. ಕಾಲರು ಬಾಗಲಿಲ್ಲ. ರಟ್ಟಿನ ಹಾಗೆ ನೆಟ್ಟಗೆ ನಿಂತಿತ್ತು. ಅವರು ಮಾವನ ಕಡೆ ನೋಡಿದರು. ಅವರಿಗೆ ಗೊತ್ತಾಗಿಹೋಗಿತ್ತು. ಆದರೂ ಅವರು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮಾವ ಮುಂದೆ ಬಂದ. ಗುಂಪಿನಲ್ಲಿದ್ದ ಅಮ್ಮ "ಸುಮ್ನಿರೋ, ಸುಮ್ನಿರೋ" ಎಂದು ಕೈಸನ್ನೆ ಮಾಡುತ್ತಿದ್ದಳು. ಸುಮ್ಮನಿದ್ದರೆ ಅಂಗಡಿ ಘಟಕವಾಗಿ ಉಳಿಯುತ್ತಿತ್ತು, ಹೆಣ್ಣಿನ ಕಡೆಯವರೂ ಉಳಿಯುತ್ತಿದ್ದರು.

"ಲೇಪದ ತಪ್ಪಲ್ಲ ಸಾರ್. ನಾನು ಅದರ ಮೇಲೆ ಗಂಜಿ ಹಾಕಿದೆ. ಜಾರ್ತಿತ್ತು, ಗಟ್ಟಿಯಾಗಿ ಕಲಸಿ ಇಸ್ತ್ರಿ ಒತ್ತಿ ಕೂರಿಸಿದೆ. ಇಂಕು ಕುಡಿದದ್ದು ಗಂಜಿ."

"ಗಂಜೀನಾ?" ಉಪನಿರ್ದೇಶಕರ ದನಿ ಕೀರಲಾಯಿತು. "ಒಗೆಯೋದೇ ಬೇಡದ ಕೋಟಿಗೆ ಗಂಜಿ ಯಾಕ್ರೀ ಹಾಕಿದ್ರಿ? ಯಾರು ಹೇಳಿದ್ರು ನಿಮಗೆ?"

"ಕಾಲರಿಗೆ ಸ್ವಲ್ಪ ಜಾಸ್ತಿ ಇರಲಿ ಅಂದಿದ್ರು ಸಾರ್. ನೆಟ್ಟಗೆ ನಿಂತರೆ... ಅವರಿಗೂ ನೆಟ್ಟಗೆ ನಿಂತ ಹಾಗಿರುತ್ತೆ ಅಂತ."

"ಯಾರಂದಿದ್ದು? ಯಾವಾಗ?"

"ಬಹಳ ವರ್ಷ ಆಯ್ತು ಸಾರ್," ಅಂದ ಮಾವ. "ಯಂತ್ರ ಬೇಕಾದ್ರೆ ತಗೊಂಡು ಹೋಗಿ."

ಬೀಗದವನು ಜೋರಾಗಿ ನಕ್ಕ. ಅವನ ಹಿಂದೆ ಇಡೀ ರಸ್ತೆ ನಕ್ಕಿತು. ನಗದಿದ್ದವರು ಮೂರೇ ಜನ. ಮಾವ. ನಾನು, ಯಾಕೆಂದರೆ ಯಾರಿಗೆ ಮೊದಲು ಹೊಡೆಯುವುದು ಎಂದು ಆರಿಸುತ್ತಿದ್ದೆ. ಮತ್ತೆ ಎದೆ ತುಂಬ ನೀಲಿ ಹೊತ್ತು ನಿಂತ ಮೇಡಂ.

ಯಂತ್ರವನ್ನು ಅವತ್ತೇ ಎತ್ತಿಕೊಂಡು ಹೋದರು. ದೊಡ್ಡ ಬೋರ್ಡನ್ನೂ ಕಿತ್ತರು, ಜೊತೆಗೆ ನಮ್ಮ ಬೋರ್ಡಿನ ಅರ್ಧವೂ ಹೋಯಿತು. ಮೇಡಂ ಅವರ ವಿಭಾಗ ಉಳಿಯಿತು. ಹೆಣ್ಣಿನ ಕಡೆಯವರು ಬರಲಿಲ್ಲ. ಅಮ್ಮ ಒಂದು ವಾರ ತಮ್ಮನ ಜೊತೆ ಮಾತು ಬಿಟ್ಟು, ಆ ಮಾತನ್ನೆಲ್ಲ ನನ್ನ ಜೊತೆ ಆಡಿದಳು. ಸಲಹೆಗಾರರ ಡ್ರೈವರು ಸೂಟು ಒಯ್ದು ಮರುದಿನ ವಾಪಸ್ಸು ತಂದು, "ಸಾಹೇಬ್ರು ಕೇಳ್ತಿದಾರೆ, ಬಗಲು ಹೇಗೆ ಹರೀತು?" ಅಂದ. "ಇಲಿ" ಎಂದೆ.

ಗುರುವಾರ ಮಾವ ಗಡ್ಡ ಬೋಳಿಸಲಿಲ್ಲ. ಬಾಗಿಲಲ್ಲಿ ನಿಲ್ಲಲಿಲ್ಲ. ಹಿಂದೆ ಹಂಡೆಯ ಹತ್ತಿರ ಕೂತು ಬೆಂಕಿ ಕೆದಕುತ್ತಿದ್ದ. ನಾನೇ ಮೊದಲು ನೋಡಿದ್ದು.

"ಮಾವ!"

ಅವನು ಎದ್ದು ಬರುವಷ್ಟರಲ್ಲಿ ಮೇಡಂ ಕೌಂಟರಿನ ಮುಂದೆ ನಿಂತಿದ್ದರು.

"ಬಂ... ಬಂದ್ರಾ ಮೇಡಂ?"

"ಬಂದೆ."

"ಕೋಟಾ?"

"ಕೋಟು." ನೀಲಿಯಾದ ಕೋಟನ್ನು ಬಿಡಿಸಿ ಹರಡಿದರು. "ಇದು ಹೋಗುತ್ತಾ?"

ಆ ಇಂಕು ಯಾವುದೆಂದು ನನಗೆ ಗೊತ್ತು. ಶಾಲೆ ಮಕ್ಕಳ ಅಂಗಿಯಿಂದ ಅದನ್ನು ದಿನಾ ತೆಗೆಯುತ್ತೇವೆ. ಒಂದು ನೆನೆ, ಒಂದು ಹಿಂಡು, ಮುಗಿಯಿತು. ಹೇಳಲು ಬಾಯಿ ತೆರೆದೆ. ಮಾವ ನನ್ನ ಕಾಲು ತುಳಿದ.

ಅವನು ಕೋಟನ್ನು ಎತ್ತಿ ಬೆಳಕಿಗೆ ಹಿಡಿದ. ಉಜ್ಜಿದ. ಮೂಸಿದ. ದೊಡ್ಡ ಆಪರೇಷನ್ನಿಗೆ ಮುಂಚೆ ಡಾಕ್ಟರು ನಿಟ್ಟುಸಿರು ಬಿಡುವ ಹಾಗೆ ಬಿಟ್ಟ.

"ಹೇಳೋಕಾಗಲ್ಲ ಮೇಡಂ. ಹಠದ ಕಲೆ. ನೀವು ಎರಡು ಮೂರು ಸಲ ಬಂದು ನೋಡಬೇಕಾಗುತ್ತೆ."

"ಬರ್ತೀನಿ," ಅಂದರು ಮೇಡಂ.

ಬಂದರು. ಮುಂದಿನ ಗುರುವಾರವೂ ಬಂದರು, ಅದರ ಮುಂದಿನದ್ದಕ್ಕೂ. "ಹೋಯ್ತಾ?" "ಇನ್ನೂ ಸ್ವಲ್ಪ ಇದೆ ಮೇಡಂ." ನನಗೆ ತಲೆ ಕೆಟ್ಟಿತು. ಏನು ಕಲೆ ಇದು, ನಮ್ಮ ಅಂಗಡಿಯ ಮರ್ಯಾದೆ ಏನಾಗಬೇಕು! ಒಂದು ಬುಧವಾರ ಮಧ್ಯಾಹ್ನ ಊಟ ಮುಗಿಸಿ ಬೇಗ ವಾಪಸ್ಸು ಬಂದೆ. ಮಾವ ಹಿಂದಿನ ಕೋಣೆಯಲ್ಲಿ ಬೆನ್ನು ಹಾಕಿ ನಿಂತಿದ್ದ. ಮುಂದೆ ಕೋಟು. ಹಾಲಿನಷ್ಟು ಬೆಳ್ಳಗಿತ್ತು, ಹೊಸದಾಗಿ ಗಂಜಿ ಹಾಕಿತ್ತು. ಮಾವ ಹತ್ತಿಯ ಉಂಡೆಯನ್ನು ಇಂಕಿನ ಶೀಶೆಗೆ ಅದ್ದಿ, ನಾಲಗೆ ಕಚ್ಚಿಕೊಂಡು, ಅದರ ಮೇಲೆ ಒಂದು ಕಲೆ ಮಾಡುತ್ತಿದ್ದ.

"ಮಾವಾ!"

"ಕೂಗಬೇಡ್ವೋ, ಕೈ ಅಲ್ಲಾಡುತ್ತೆ."

"ನಿನಗೆ ನಾಚಿಕೆ ಇಲ್ವಾ? ಬಾಯಿ ಇಲ್ವಾ? ಹೋಗಿ ನೇರವಾಗಿ ಹೇಳಬಾರ್ದಾ? ಅವರೇನು ಕಡಿದು ತಿಂತಾರಾ? ಅದೂ ಅಲ್ದೆ ಕಲೆ ಇದ್ದದ್ದು ಎದೆ ಮೇಲೆ, ನೀನು ಹಾಕ್ತಿರೋದು ತೋಳಿನ ಮೇಲೆ!"

ಮಾವ ಕೋಟು ನೋಡಿದ. ಮುಖ ಬಿಳಿಚಿತು. ಮತ್ತೆ ಅದಲುಬದಲು. ಒಗೆದು ಹೊಸದಾಗಿ ಮಾಡೋಣ ಅಂದರೆ ಮಾರನೆಯ ದಿನದವರೆಗೂ ಮಳೆ ಹಿಡಿದಿತ್ತು, ಕೋಟು ಒಣಗುತ್ತಿರಲಿಲ್ಲ. ಮಾವ ಗುರುವಾರ ಇಡೀ ದಿನ ಆ ತೋಳನ್ನು ಒಂದು ಸಲ ಒಳಕ್ಕೆ ಮಡಿಸಿ, ಒಂದು ಸಲ ಹೊರಕ್ಕೆ ಮಡಿಸಿ ಒದ್ದಾಡಿದ. ಕಲೆಗೆ ಗಾಳಿ ಸೋಕಲೇ ಇಲ್ಲ.

ಸಂಜೆ ಮೇಡಂ ಛತ್ರಿ ಮಡಚಿ ಒಳಗೆ ಬಂದರು. "ಹೋಯ್ತಾ?"

"ಇನ್ನೂ ಸ್ವಲ್ಪ... ಜಾಗ ಬದಲಾಯಿಸ್ತಾ ಇದೆ ಮೇಡಂ."

ಕಣ್ಣಿಗೆ ಕಾಣದ್ದನ್ನು ಅಳೆಯುವ ಹೆಂಗಸು ಅವರು. ಕೋಟನ್ನು ಹತ್ತಿರ ಎಳೆದುಕೊಂಡರು. ಬೆಳ್ಳಗಾದ ಎದೆ ನೋಡಿದರು. ನೀಲಿಯಾದ ತೋಳು ನೋಡಿದರು. ಕಲೆಯ ಮೇಲೆ ಬೆರಳು ಇಟ್ಟು ತೆಗೆದರು. ಬೆರಳ ತುದಿ ನೀಲಿಯಾಗಿತ್ತು. ಇನ್ನೂ ಹಸಿ.

ಮಾವ ಎರಡೂ ಕೈಯನ್ನು ಕೌಂಟರಿನ ಮೇಲೆ ಊರಿ ತಲೆ ತಗ್ಗಿಸಿದ್ದ. ಅವನ ಹತ್ತು ಬೆರಳಲ್ಲಿ ಐದಕ್ಕೆ ಇಂಕು ಮೆತ್ತಿತ್ತು.

ಮೇಡಂ ಆ ಬೆರಳುಗಳನ್ನು ನೋಡಿದರು. ತಮ್ಮ ಬೆರಳನ್ನು ಒರೆಸಿಕೊಳ್ಳಲಿಲ್ಲ, ಮೆಲ್ಲಗೆ ಅಂಗೈಯೊಳಕ್ಕೆ ಮಡಿಸಿಕೊಂಡರು.

"ಹೌದು," ಅಂದರು. "ಹಠದ ಕಲೆ. ಹಾಗಾದ್ರೆ ಮುಂದಿನ ಗುರುವಾರ."

ಛತ್ರಿ ಬಿಚ್ಚಿ ಹೊರಟರು. ಮಾವ ಬಾಗಿಲಿಗೆ ಬಂದು ನಿಂತ. ಮಳೆಯಲ್ಲಿ ಛತ್ರಿ ಚಿಕ್ಕದಾಗುತ್ತ ಆಗುತ್ತ ಪ್ರಯೋಗಾಲಯದ ಗೇಟಿನ ಹತ್ತಿರ ಕಾಣದಷ್ಟು ಚಿಕ್ಕದಾಯಿತು. ಅದಾದ ಮೇಲೂ ಅವನು ನೋಡುತ್ತಲೇ ಇದ್ದ.

"ಲೇ," ಎಂದ ತಿರುಗದೆ, "ಇಂಕು ಮುಗೀತಾ ಬಂತು ಕಣೋ. ಒಂದು ಶೀಶೆ ತಂದುಬಿಡ್ತೀಯಾ?"

ಇಬ್ಬರು ದೊಡ್ಡವರು, ಇಬ್ಬರಿಗೂ ಬಾಯಿ ಇದೆ, ಇವರ ಮಧ್ಯೆ ಓಡಾಡಲು ನಾನು! ಮೈಯೆಲ್ಲ ಉರಿಯಿತು. ಅದೇ ಸಿಟ್ಟಿನಲ್ಲಿ ಮಳೆಯಲ್ಲೇ ಹೋದೆ. ಅದೇ ಸಿಟ್ಟಿನಲ್ಲಿ ಅಂಗಡಿಯವನಿಗೆ ಹೇಳಿ ಎಲ್ಲಕ್ಕಿಂತ ದೊಡ್ಡ ಶೀಶೆ ತಂದೆ.